ಆರ್‌ವಿ ತಳದಿಂದ ತೊಟ್ಟಿಕ್ಕುವ ಕೊಳೆನೀರು: ಎಲ್ಲಿಂದ ಹುಡುಕಬೇಕು?

ಆಸ್ಟಿನ್‌ನಿಂದ ಪ್ರಶ್ನೆ

ನಮಸ್ಕಾರ. ನಮ್ಮ ಆರ್‌ವಿ (ಪ್ರವಾಸದಲ್ಲಿ ಮನೆಯಂತೆ ವಾಸಿಸುವ ವಾಹನ) ಸೆಕೆಂಡ್ ಹ್ಯಾಂಡ್ ಟ್ರಾವೆಲ್ ಟ್ರೇಲರ್, ಗಾಡಿಯ ಹಿಂದೆ ಕಟ್ಟಿ ಎಳೆಯುವಂಥದ್ದು, 26 ಅಡಿ. ಬ್ಲ್ಯಾಕ್ ಟ್ಯಾಂಕ್ (ಟಾಯ್ಲೆಟ್ಟಿನ ಕೊಳೆನೀರಿನದು) 30 ಗ್ಯಾಲನ್, ಗ್ರೇ ಟ್ಯಾಂಕ್ (ಸಿಂಕ್, ಶವರ್ ನೀರಿನದು) 38. ತೊಂದರೆ ಎರಡು. ಡಂಪ್ ಮಾಡಲು, ಅಂದರೆ ಟ್ಯಾಂಕ್ ಖಾಲಿ ಮಾಡಲು, ಹೊರಗಿನ ಕ್ಯಾಪ್ ಬಿಚ್ಚಿದರೆ, ಎರಡೂ ವಾಲ್ವ್ ಮುಚ್ಚಿದ್ದರೂ ಅರ್ಧ ಚೊಂಬು ನೀರು ಸುರಿಯುತ್ತದೆ. ಇನ್ನೊಂದು, ಎರಡು ಮೂರು ದಿನ ಬಳಸಿದ ಮೇಲೆ ಟ್ರೇಲರಿನ ತಳಕ್ಕೆ ಹೊಡೆದಿರುವ ಕಪ್ಪು ಪ್ಲಾಸ್ಟಿಕ್ ಹಾಳೆಯ ನಡುವಿನಿಂದ ತೊಟ್ಟಿಕ್ಕಲು ಶುರುವಾಗುತ್ತದೆ. ವಾಸನೆ ಅಷ್ಟೇನಿಲ್ಲ. ರಿಪೇರಿಯವರು ಮೂರು ವಾರ ಕಾಯಿರಿ ಎನ್ನುತ್ತಾರೆ. ನಾವೇ ಮಾಡಿಕೊಳ್ಳುವಂಥದ್ದೇ? ತಿಳಿದವರು ಹೇಳಿ.

ಫೀನಿಕ್ಸ್‌ನಿಂದ

ಮಾಡಿಕೊಳ್ಳಬಹುದು. ಆದರೆ ಇವು ಎರಡು ಬೇರೆ ಬೇರೆ ಸೋರಿಕೆ, ಒಂದಕ್ಕೊಂದು ತಳುಕು ಹಾಕಬೇಡಿ. ತಳದ ಹಾಳೆ ಈಗಲೇ ಕೊಯ್ಯಲೂ ಹೋಗಬೇಡಿ. ನೀರು ಆ ಹಾಳೆಯ ಮೇಲೆ ಹತ್ತು ಅಡಿ ಹರಿದು, ಎಲ್ಲಿ ಜೋಲು ಬಿದ್ದಿದೆಯೋ ಅಲ್ಲಿ ಇಳಿಯುತ್ತದೆ. ತೊಟ್ಟಿಕ್ಕುವ ಜಾಗದ ನೇರ ಮೇಲೆ ಸೋರಿಕೆ ಇರುವುದು ಅಪರೂಪ.

ಮೊದಲು ಅದು ಯಾವ ನೀರು ಅಂತ ಗೊತ್ತಾಗಬೇಕು. ಪಂಪ್ ಆಫ್ ಮಾಡಿ, ಹೊರಗಿನ ಹೋಸ್ ಕಳಚಿ, ಒಳಗೊಂದು ನಲ್ಲಿ ತೆರೆದು ಒತ್ತಡ ಇಳಿಸಿ. ಹಾಳೆಯ ಮೇಲೆ ನಿಂತ ನೀರು ಬಸಿಯಲು ಎರಡು ಮೂರು ಗಂಟೆ ಕೊಡಿ. ಆಮೇಲೆ ನಿಂತೇಹೋದರೆ ಅದು ಒಳ್ಳೆ ನೀರಿನ ಪೈಪು, ಟ್ಯಾಂಕಿನ ತಂಟೆಗೆ ಹೋಗುವುದೇ ಬೇಡ. ಟೆಕ್ಸಾಸಿನ ಬೇಸಿಗೆಯಲ್ಲಿ ಛಾವಣಿಯ ಎಸಿ ನೀರು ಗೋಡೆಯೊಳಗೆ ಇಳಿದು ಇದೇ ಥರ ಯಾಮಾರಿಸುವುದೂ ಉಂಟು. ಎಸಿ ಆಫ್ ಮಾಡಿಯೇ ಪರೀಕ್ಷಿಸಿ.

ನಿಲ್ಲದಿದ್ದರೆ ಬಣ್ಣ. ಎರಡೂ ಟ್ಯಾಂಕ್ ಡಂಪ್ ಮಾಡಿ ತೊಳೆಯಿರಿ. ಅಡುಗೆ ಬಣ್ಣ ತನ್ನಿ, ಗ್ರೇಗೆ ನೀಲಿ, ಬ್ಲ್ಯಾಕ್‌ಗೆ ಕೆಂಪು, ಒಂದೊಂದು ಚಿಕ್ಕ ಬಾಟಲಿ ಪೂರ್ತಿ. ಮನೆಯಲ್ಲಿದೆ ಅಂತ ಅರಿಶಿನ ಹಾಕಬೇಡಿ. ಅದು ನೀರಿನಲ್ಲಿ ಕರಗದೆ ತಳ ಸೇರುತ್ತದೆ, ಸೋಪು ತಾಗಿದರೆ ಕೆಂಪಾಗಿ ಎರಡೂ ಟ್ಯಾಂಕಿನ ಲೆಕ್ಕ ಕಲಸಿಬಿಡುತ್ತದೆ.

ಇನ್ನು ಮುಖ್ಯವಾದದ್ದು. ಗೋಡೆಯ ಪ್ಯಾನೆಲ್ಲಿನ ದೀಪ ನಂಬಬೇಡಿ. ಟ್ಯಾಂಕಿನೊಳಗೆ ನೀರಿನ ಮಟ್ಟ ತಿಳಿಸುವ ಪ್ರೋಬ್‌ಗೆ ಕೊಳೆ ಅಂಟಿದರೆ ಖಾಲಿ ಟ್ಯಾಂಕೂ ಮುಕ್ಕಾಲು ಎನ್ನುತ್ತದೆ. 5 ಗ್ಯಾಲನ್ ಬಕೆಟ್‌ನಲ್ಲಿ ಅಳೆದು ಸುರಿಯಿರಿ. ಗ್ರೇ ಟ್ಯಾಂಕಿಗೆ ಎರಡೂವರೆ ಬಕೆಟ್ ಅಂದರೆ ಮೂರನೇ ಒಂದು ಭಾಗ. ಒಂದು ಗಂಟೆ ಕಾದು, ತಳಕ್ಕೆ ಬಿಳಿ ಪೇಪರ್ ಟವೆಲ್ ಒತ್ತಿ ನೋಡಿ. ಮತ್ತೆ ಎರಡೂವರೆ, ಮತ್ತೆ ಗಂಟೆ. ಪೂರ್ತಿ ತುಂಬುವವರೆಗೆ ಹೀಗೇ. ಯಾವ ಹಂತದಲ್ಲಿ ಬಣ್ಣ ಕಂಡಿತು ಎಂಬುದನ್ನು ಬರೆದಿಡಿ. ಮೊದಲ ಹಂತದಲ್ಲೇ ಸೋರಿದರೆ ತಳದ ಫಿಟ್ಟಿಂಗ್, ವಾಲ್ವ್, ಇಲ್ಲವೇ ತಳದಲ್ಲಿ ಬಿರುಕು. ನಡುವೆ ಶುರುವಾದರೆ ಟ್ಯಾಂಕಿನ ಪಕ್ಕಕ್ಕೆ ಚುಚ್ಚಿರುವ ಪ್ರೋಬ್‌ಗಳ ರಬ್ಬರು. ತುಂಬುವ ಹೊತ್ತಿಗೆ ಮಾತ್ರ ಸೋರಿದರೆ, ಮೇಲಿನಿಂದ ಪೈಪು ಒಳಸೇರುವ ಜಾಗ. ಹಾಗೇ ಬಿಟ್ಟರೆ ಸೋರಿ ಸೋರಿ ನೀರು ಎಲ್ಲಿಗೆ ಇಳಿದು ನಿಲ್ಲುತ್ತದೋ, ತೂತು ಅದೇ ಎತ್ತರದಲ್ಲಿದೆ.

38 ಗ್ಯಾಲನ್ ನೀರು ಸುಮಾರು 317 ಪೌಂಡ್ ತೂಗುತ್ತದೆ. ತುಂಬಿದ ಟ್ಯಾಂಕಿನ ಕೆಳಗೆ ಜ್ಯಾಕ್ ಮೇಲಷ್ಟೇ ಭರವಸೆ ಇಟ್ಟು ಮಲಗಬೇಡಿ. ಜ್ಯಾಕ್ ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಅಡ್ಡ ಇಡಿ.

ಮಿನಿಯಾಪೊಲಿಸ್‌ನಿಂದ

ನಾನು ಕ್ಯಾಪಿನ ಸಂಗತಿಯಷ್ಟೇ ಹೇಳುತ್ತೇನೆ. ಬಹುಪಾಲು ಟ್ರೇಲರುಗಳಲ್ಲಿ ಬ್ಲ್ಯಾಕ್‌ನ 3 ಇಂಚಿನ ಪೈಪಿಗೆ ಗ್ರೇ ಪೈಪು ಬಂದು ಸೇರಿ, ಒಂದೇ ಬಾಯಿಯಿಂದ ಹೊರಗೆ ಹೋಗುತ್ತದೆ. ವಾಲ್ವ್‌ಗಳಿರುವುದು ಆ ಕೂಡು ಜಾಗಕ್ಕಿಂತ ಹಿಂದೆ. ಹಾಗಾಗಿ ಕ್ಯಾಪಿನ ಹಿಂದೆ ನಿಂತ ನೀರು ಯಾವ ವಾಲ್ವ್‌ನದು ಎಂದು ನೋಟದಿಂದ ಹೇಳಲಾಗದು. ಮೇಲೆ ಹೇಳಿದ ಬಣ್ಣವೇ ಇದನ್ನೂ ಹೇಳುತ್ತದೆ. ಕ್ಯಾಪ್ ಬಿಚ್ಚುವಾಗ ಅಡಿಯಲ್ಲೊಂದು ಟಬ್ ಇಡಿ. ನೆಲಕ್ಕೆ ಕೊಳೆನೀರು ಬಿಟ್ಟರೆ ದಂಡ ಬೀಳಬಹುದು.

ಹೊಸ ವಾಲ್ವ್ ಕೊಳ್ಳುವ ಮೊದಲು ತೊಳೆದು ನೋಡಿ. ಈ ವಾಲ್ವ್‌ನೊಳಗೆ ಪೈಪಿಗೆ ಅಡ್ಡ ಜಾರಿ ಮುಚ್ಚುವ ಚಪ್ಪಟೆ ಬ್ಲೇಡು ಕೂರುವ ತೋಡಿನಲ್ಲಿ ಕಾಗದವೋ ಗಸಿಯೋ ಸಿಕ್ಕಿಕೊಂಡರೆ ಬ್ಲೇಡು ಕೂದಲೆಳೆಯಷ್ಟು ತೆರೆದೇ ಉಳಿಯುತ್ತದೆ. ಟ್ಯಾಂಕಿಗೆ ಅರ್ಧದಷ್ಟು ನೀರು ತುಂಬಿಸಿ, ಡಂಪ್ ಸ್ಟೇಷನ್ನಿನಲ್ಲಿ ಹೋಸ್ ಹಾಕಿ, ಹಿಡಿಯನ್ನು ಜೋರಾಗಿ ಎಳೆದು ಮುಚ್ಚಿ, ಎಳೆದು ಮುಚ್ಚಿ, ಐದಾರು ಸಲ. ನೀರಿನ ರಭಸಕ್ಕೆ ತೋಡು ತೊಳೆದುಹೋಗುತ್ತದೆ. ಅರ್ಧದಷ್ಟು ವಾಲ್ವ್‌ಗಳು ಇಷ್ಟಕ್ಕೇ ಸರಿಹೋಗುತ್ತವೆ ಅನ್ನುವುದು ನನ್ನ ಅಂದಾಜು. ಹಿಡಿ ದೂರದಲ್ಲಿದ್ದು ಕೇಬಲ್ ಮೂಲಕ ಎಳೆಯುವ ವಾಲ್ವ್ ಆದರೆ, ಹಿಡಿ ಪೂರ್ತಿ ಒಳಹೋದರೂ ಬ್ಲೇಡು ಪೂರ್ತಿ ಹೋಗಿರದಿರಬಹುದು. ಕೇಬಲ್ ಬಾಗಿದೆಯೇ, ಸಡಿಲಾಗಿದೆಯೇ ನೋಡಿ.

ಆಮೇಲೂ ಸೋರಿದರೆ ಸೀಲ್ ಸವೆದಿದೆ. ಸೀಲ್ ಮಾತ್ರ ಹಾಕಬಹುದು, ಆದರೆ ಬ್ಲೇಡಿಗೆ ಗೀರು ಬಿದ್ದಿದ್ದರೆ ಇಡೀ ವಾಲ್ವ್ ಬದಲಿಸುವುದೇ ಲೇಸು. ಬೆಲೆಯಲ್ಲಿ ಅಂಥ ವ್ಯತ್ಯಾಸವಿಲ್ಲ. ವ್ಯಾಲ್ಟೆರಾ ಬ್ಲೇಡೆಕ್ಸ್ ಥರದವು ಅಂಗಡಿಯಲ್ಲೇ ಸಿಗುತ್ತವೆ. ಬ್ಲ್ಯಾಕ್‌ಗೆ 3 ಇಂಚು, ಗ್ರೇಗೆ ಸಾಮಾನ್ಯವಾಗಿ ಒಂದೂವರೆ ಇಂಚು. ಕೊಳ್ಳುವಾಗ ಪೈಪಿನ ಹೊರವ್ಯಾಸ ಅಳೆದು ಗೊಂದಲ ಮಾಡಿಕೊಳ್ಳಬೇಡಿ: ಒಂದೂವರೆ ಇಂಚಿನ ಪೈಪಿನ ಹೊರ ಅಳತೆ 1.9 ಇಂಚು, 3 ಇಂಚಿನದು 3.5.

ಕೆಲಸ ಹೀಗೆ. ಟ್ಯಾಂಕ್ ಖಾಲಿ, ಎರಡು ಸಲ ತೊಳೆದದ್ದು. ಗ್ಲೌಸು, ಕಣ್ಣಿಗೆ ಕನ್ನಡಕ, ಕೆಳಗೆ ಟಬ್. ನಾಲ್ಕು ಬೋಲ್ಟ್ ಬಿಚ್ಚಿ, ಎರಡೂ ಕಡೆಯ ಫ್ಲೇಂಜ್ (ಪೈಪಿನ ತುದಿಯ ಅಗಲ ಅಂಚು) ಸ್ವಲ್ಪ ಅಗಲಿಸಿ, ಹಳೆ ವಾಲ್ವ್ ಎಳೆಯಿರಿ. ಪೈಪು ಅಲುಗದಿದ್ದರೆ ಬಲ ಹಾಕಬೇಡಿ, ಮುಂದಿನ ಹ್ಯಾಂಗರ್ ಪಟ್ಟಿ ಬಿಚ್ಚಿದರೆ ಜಾಗ ಸಿಗುತ್ತದೆ. ಹಳೇ ಸೀಲ್ ಎರಡೂ ತೆಗೆದು ಫ್ಲೇಂಜಿನ ಮುಖ ಒರೆಸಿ. ಹೊಸ ಸೀಲ್‌ಗೆ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿ. ವ್ಯಾಸಲೀನ್, ಎಂಜಿನ್ ಗ್ರೀಸ್ ಬೇಡ, ರಬ್ಬರು ಉಬ್ಬುತ್ತದೆ. ಎಡವುವುದು ಮುಂದಿನ ಹೆಜ್ಜೆಯಲ್ಲಿ: ವಾಲ್ವ್ ಜಾರಿಸುವಾಗ ಸೀಲಿನ ಅಂಚು ಮಡಚಿಕೊಳ್ಳುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಬೆರಳಾಡಿಸಿ ಸುತ್ತಲೂ ಮುಟ್ಟಿ ನೋಡಿ, ಆಮೇಲಷ್ಟೇ ಬೋಲ್ಟ್ ಹಾಕಿ. ಮೂಲೆಯಿಂದ ಮೂಲೆಗೆ ಒಂದೊಂದೇ ಬಿಗಿ ಮಾಡಿ, ಕೈಬಿಗಿ ಆದ ಮೇಲೆ ಕಾಲು ಸುತ್ತು, ಸಾಕು. ಹೆಚ್ಚು ಬಿಗಿದರೆ ಬ್ಲೇಡು ಕಚ್ಚಿಕೊಳ್ಳುತ್ತದೆ.

ಅಷ್ಟರೊಳಗೆ ಪ್ರವಾಸವಿದ್ದರೆ, ಕ್ಯಾಪಿನ ಜಾಗಕ್ಕೆ ತಿರುಗಿಸಿ ಹಾಕುವ ಇನ್ನೊಂದು ವಾಲ್ವ್ ಸಿಗುತ್ತದೆ. ಅದು ರೋಗಕ್ಕೆ ಮದ್ದಲ್ಲ, ಆದರೆ ಕೈಮೇಲೆ ಸುರಿಯುವುದು ತಪ್ಪುತ್ತದೆ.

ರಾಲಿಯಿಂದ

ಎಂ-ಸೀಲ್ ಇದ್ರ ಮೊದಲ ಅದನ್ನ ಒಳಗ ಇಡ್ರಿ! ನಮ್ಮ ಮಂದಿಗೆ ಎಲ್ಲಿ ಸೋರಿದ್ರೂ ಅದನ್ನ ಮೆತ್ತೋ ಚಾಳಿ. ಟ್ಯಾಂಕ್ ಪಾಲಿಎಥಿಲೀನ್ ಇದ್ರ ಅದರ ಮ್ಯಾಲೆ ಎಂ-ಸೀಲೂ ಹತ್ತಂಗಿಲ್ಲ, ಸಿಲಿಕಾನೂ ಹತ್ತಂಗಿಲ್ಲ, ಪೈಪಿನ ಸಲ್ಯೂಷನ್ನೂ ಹತ್ತಂಗಿಲ್ಲ. ಹತ್ತಿದಂಗ ಕಾಣ್ತೈತಿ, ನಾಕು ದಿನ ರಸ್ತೆ ಮ್ಯಾಲೆ ಕುಣಿದ್ರ ಸಿಪ್ಪಿಗತೆ ಎದ್ದು ಬರ್ತೈತಿ.

ಯಾವ ಪ್ಲಾಸ್ಟಿಕ್ ಅಂತ ತಿಳ್ಕೋಳ್ರಿ. ಟ್ಯಾಂಕಿನ ಮ್ಯಾಲೆ ಅಕ್ಷರ ಒತ್ತಿರ್ತಾರ, ನೋಡ್ರಿ. ಕಾಣಲಿಲ್ಲಂದ್ರ ಅಂಚಿಂದ ಉಗುರಿನಷ್ಟು ಚೂರು ಕೆತ್ತಿ ಸೋಪಿನ ನೀರಾಗ ಮುಳುಗಿಸಿ ಬಿಡ್ರಿ. ಮ್ಯಾಲೆ ಬಂದ್ರ ಪಾಲಿಎಥಿಲೀನ್, ತಳಕ್ಕ ಕುಂತ್ರ ಎಬಿಎಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್. ಅಸಿಟೋನ್ ಹಚ್ಚಿದ ಬಟ್ಟಿ ಒರಸಿದ್ರ ಎಬಿಎಸ್ ಅಂಟಂಟ ಆಗ್ತೈತಿ, ಪಾಲಿಎಥಿಲೀನ್‌ಗೆ ಏನೂ ಆಗಂಗಿಲ್ಲ.

ಎಬಿಎಸ್ ಬಿರುಕಾದ್ರ ಸಲೀಸು. ಬಿರುಕಿನ ಎರಡೂ ತುದಿಗೆ 1/8 ಇಂಚಿನ ತೂತು ಕೊರೀರಿ, ಇಲ್ಲಂದ್ರ ಅದು ಮುಂದ ಓಡ್ತೈತಿ. 80ರ ಉಸುಕಿನ ಕಾಗದ ತಿಕ್ಕ್ರಿ. ಎಬಿಎಸ್ ಚೂರು ಅಸಿಟೋನಿನ್ಯಾಗ ನೆನಸಿ ಇಡ್ಲಿ ಹಿಟ್ಟಿನ ಹದಕ್ಕ ಬಂದ ಮ್ಯಾಲೆ ಬಿರುಕಿಗೆ ತುಂಬ್ರಿ, ಮ್ಯಾಲೆ ಸುತ್ತಲೂ ಎರಡಿಂಚು ಹೆಚ್ಚಿಗೆ ಇರೋ ಎಬಿಎಸ್ ತುಂಡು ಅಂಟಸ್ರಿ. ಒಂದು ದಿನ ಮುಟ್ಟಬ್ಯಾಡ್ರಿ. ಪಾಲಿಎಥಿಲೀನ್ ಆದ್ರ ಅದೇ ಜಾತಿ ಕಡ್ಡಿ ಹಾಕಿ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಬೇಕು, ಕೈ ಪಳಗಿಲ್ಲಂದ್ರ ಗೊತ್ತಿದ್ದವರಿಗೆ ಕೊಡ್ರಿ. ಬ್ಲ್ಯಾಕ್ ಟ್ಯಾಂಕಿನ್ಯಾಗ ಮೀಥೇನ್ ಇರ್ತೈತಿ, ತೊಳೆದು ಗಾಳಿ ಆಡಿಸೋ ತನಕ ಬೆಂಕಿ, ಹೀಟ್ ಗನ್ ಹತ್ತಿರ ಒಯ್ಯಬ್ಯಾಡ್ರಿ.

ಪೈಪ್ ಮಾತ್ರ ಕರೀದಿದ್ರ ಎಬಿಎಸ್, ಅದಕ್ಕ ಎಬಿಎಸ್ ಸಿಮೆಂಟೇ ಬೇಕು. ಬಿಳಿ ಪಿವಿಸಿ ತುಂಡು ಜೋಡಸೋದಿದ್ರ ಎರಡೂ ಕಡೆ ಕ್ಲ್ಯಾಂಪ್ ಇರೋ ರಬ್ಬರ್ ಕಪ್ಲಿಂಗ್ ಹಾಕ್ರಿ.

ಸ್ಯಾಕ್ರಮೆಂಟೊದಿಂದ

ಟಾಯ್ಲೆಟ್ಟಿಗೆ ಜೆಟ್ ಸ್ಪ್ರೇ ಹಾಕಿಸಿಕೊಂಡಿದ್ದೀರಾ? ನಮ್ಮವರ ಆರ್‌ವಿಗಳಲ್ಲಿ ಅದಿಲ್ಲದಿರುವುದು ಕಡಿಮೆ. ಅದಕ್ಕೆ ನೀರು ಕವಲೊಡೆಯುವ ಟೀ ಜಾಯಿಂಟು ಸದಾ ಒತ್ತಡದಲ್ಲೇ ಇರುತ್ತದೆ. ಅಲ್ಲಿಂದ ಜಿನುಗಿದ ನೀರು ಟಾಯ್ಲೆಟ್ ಬುಡಕ್ಕೆ ಇಳಿದು, ಫ್ಲೇಂಜ್ ಸೋರುತ್ತಿದೆ ಅಂತ ಎಲ್ಲರೂ ಟಾಯ್ಲೆಟ್ಟನ್ನೇ ಕಿತ್ತುಬಿಡುತ್ತಾರೆ. ಕಾಗದ ಸುತ್ತಿ ಅರ್ಧ ಗಂಟೆ ಬಿಟ್ಟು ನೋಡಿ. ಹೊರಗಿನ ನಲ್ಲಿಗೆ 45 ಪಿಎಸ್‌ಐ ಆಸುಪಾಸಿನ ಪ್ರೆಶರ್ ರೆಗ್ಯುಲೇಟರ್ ಹಾಕಿ. ಕ್ಯಾಂಪ್‌ಗ್ರೌಂಡ್ ನೀರಿನ ಒತ್ತಡ ಒಂದೊಂದು ಕಡೆ ಒಂದೊಂದು ಥರ. ಫ್ಲಶ್ ಮಾಡಿದಾಗ ಮಾತ್ರ ಒದ್ದೆಯಾದರೆ ಬೌಲಿನ ಹಿಂದಿರುವ ವ್ಯಾಕ್ಯೂಮ್ ಬ್ರೇಕರ್ (ಕೊಳೆನೀರು ಹಿಂದಕ್ಕೆ ಹೋಗದಂತೆ ತಡೆಯುವ ಭಾಗ) ಸೀಳಿದೆ, ಅದು ಬಿಡಿಯಾಗಿ ಸಿಗುತ್ತದೆ.

ಬ್ಲ್ಯಾಕ್ ಟ್ಯಾಂಕ್ ತೊಳೆಯಲು ಹೊರಗೊಂದು ಹೋಸ್ ತೂತು ಇದ್ದರೆ, ಅದರ ಪೈಪು ಗೋಡೆಯೊಳಗೆ ಮೇಲಕ್ಕೆ ಹೋಗಿ, ಹಿಮ್ಮುಖ ತಡೆಯುವ ಪ್ಲಾಸ್ಟಿಕ್ ವಾಲ್ವ್ ಸುತ್ತಿ ಕೆಳಗಿಳಿಯುತ್ತದೆ. ಚಳಿಗಾಲದಲ್ಲಿ ಆ ವಾಲ್ವ್ ಒಡೆದರೆ ತೊಳೆಯುವಾಗ ಮಾತ್ರ ನೀರು ತಳಕ್ಕೆ ಇಳಿಯುತ್ತದೆ. ತೊಳೆಯುವಾಗ ಡಂಪ್ ವಾಲ್ವ್ ತೆರೆದೇ ಇರಲಿ. ಮರೆತರೆ ನಿಮಿಷಕ್ಕೆ 2-3 ಗ್ಯಾಲನ್ ಬಂದರೂ ನಿಮ್ಮ 30 ಗ್ಯಾಲನ್ ಟ್ಯಾಂಕು 10-15 ನಿಮಿಷದಲ್ಲಿ ಉಕ್ಕುತ್ತದೆ. ಎಲ್ಲಿಂದ ಉಕ್ಕುತ್ತದೆ ಅಂತ ಹೇಳಬೇಕಿಲ್ಲ.

ಒಂದು ಅಡುಗೆಮನೆ ಮಾತು. ತೆಂಗಿನೆಣ್ಣೆ 24 ಡಿಗ್ರಿ ಸೆಲ್ಸಿಯಸ್ ಕೆಳಗೆ ಗಟ್ಟಿಯಾಗುತ್ತದೆ. ಒಗ್ಗರಣೆ ಬಾಣಲೆ ತೊಳೆದ ನೀರು ಗ್ರೇ ವಾಲ್ವ್‌ನ ತೋಡಿನಲ್ಲಿ ಮೇಣದಂತೆ ಕೂರುತ್ತದೆ. ಬಾಣಲೆಯನ್ನು ಕಾಗದದಲ್ಲಿ ಒರೆಸಿ ತೊಳೆಯಿರಿ.

ಆಸ್ಟಿನ್‌ನಿಂದ ಮತ್ತೆ

ಪರೀಕ್ಷೆ ಆಯಿತು. ಕ್ಯಾಪಿನಲ್ಲಿ ಬಂದದ್ದು ಕೆಂಪು, ಐದಾರು ಸಲ ಎಳೆದು ಮುಚ್ಚಿದ ಮೇಲೆ ಪೂರ್ತಿ ನಿಂತಿದೆ. ತಳದಲ್ಲಿ ನೀಲಿ. ಆರು ಬಕೆಟ್‌ವರೆಗೆ ಏನೂ ಇಲ್ಲ, ಏಳನೆಯದಕ್ಕೆ ಶುರು. ಶವರ್ ಬಳಸಿದಾಗ ಜೋರು. ಈಗ ಹಾಳೆ ಬಿಚ್ಚಲೇ?

ಫೀನಿಕ್ಸ್‌ನಿಂದ

ಬಿಚ್ಚಿ. ಶವರ್ ಪೈಪು ಗ್ರೇ ಟ್ಯಾಂಕಿನ ಮೇಲ್ಭಾಗಕ್ಕೆ ಸೇರುವಲ್ಲಿರುವ ರಬ್ಬರ್ ಗ್ರಾಮೆಟ್ (ತೂತಿನಲ್ಲಿ ಕೂರುವ ಬಳೆ) ಮೇಲೆ ನನ್ನ ಅನುಮಾನ. ಆದರೆ ಮೊದಲು ಶವರ್ ತಟ್ಟೆಯ ಕೆಳಗಿನ ನಟ್ಟು ಕೈಯಲ್ಲಿ ತಿರುಗುತ್ತದೆಯೇ ನೋಡಿ. ಖಾಲಿ ಟ್ಯಾಂಕಿನಲ್ಲೂ ಶವರ್ ಬಿಟ್ಟಾಗ ತೊಟ್ಟಿಕ್ಕಿದರೆ ತಪ್ಪು ಆ ನಟ್ಟಿನದೋ ಅದರ ಕೆಳಗಿನ ಟ್ರ್ಯಾಪಿನದೋ (ಬಾಗಿದ ಪೈಪು), ಟ್ಯಾಂಕಿನದಲ್ಲ.

ಹಾಳೆಯನ್ನು ಕೊಯ್ಯಬೇಡಿ. ಒಂದು ಬದಿಯ ಸ್ಕ್ರೂ ಸಾಲು ಬಿಚ್ಚಿ ಇಳಿಬಿಡಿ. ಮೊದಲು ಅತಿ ತಗ್ಗಿನಲ್ಲಿ ಪೆನ್ಸಿಲ್ ಗಾತ್ರದ ತೂತು ಮಾಡಿ ನೀರು ಬಸಿದುಕೊಳ್ಳಿ, ಇಲ್ಲದಿದ್ದರೆ ಮುಖದ ಮೇಲೇ ಅಭಿಷೇಕ. ಒದ್ದೆಯಾದ ಇನ್ಸುಲೇಶನ್ ಎಸೆಯಿರಿ, ಒಣಗಿಸಿ ಹಾಕಿದರೂ ನಾರುತ್ತದೆ.

ಗ್ರಾಮೆಟ್ ಬದಲಿಸಲು ಪೈಪನ್ನು ಮೇಲಕ್ಕೆಳೆಯಲು ಜಾಗ ಇರುವುದಿಲ್ಲ. ಟ್ಯಾಂಕಿನಿಂದ ಆರಿಂಚು ದೂರದಲ್ಲಿ ಪೈಪು ನೇರವಾಗಿ ಕತ್ತರಿಸಿ, ತುಂಡು ಹೊರಗೆ ತೆಗೆದು, ಹಳೆ ಗ್ರಾಮೆಟ್ ಕಿತ್ತು ತೂತಿನ ಅಂಚು ಒರೆಸಿ. ಹೊಸದನ್ನು ತೂತಿನ ಅಳತೆಗೆ ತನ್ನಿ, ಪೈಪಿನ ಅಳತೆಗಲ್ಲ. ಪೈಪಿನ ತುದಿಯನ್ನು ಅರ ಹಾಕಿ ಓರೆ ಮಾಡಿ, ಪಾತ್ರೆ ಸೋಪಿನ ನೀರು ಸವರಿ ತಿರುಚುತ್ತ ಒತ್ತಿ. ಚೂಪು ಅಂಚು ಬಿಟ್ಟರೆ ಹೊಸ ರಬ್ಬರು ಅಲ್ಲೇ ಸೀಳುತ್ತದೆ. ಕತ್ತರಿಸಿದ ಜಾಗಕ್ಕೆ ಒಂದೂವರೆ ಇಂಚಿನ ರಬ್ಬರ್ ಕಪ್ಲಿಂಗ್. ನಾಳೆ ಮತ್ತೆ ಬಿಚ್ಚಬೇಕಾದರೂ ಸುಲಭ.

ಗ್ರಾಮೆಟ್ ಸುಮ್ಮನೆ ಹೋಗಿರುವುದಿಲ್ಲ. ತುಂಬಿದ ಟ್ಯಾಂಕ್ ಜೋತಾಗ ಪೈಪು ಓರೆಯಾಗಿ ರಬ್ಬರನ್ನು ಒಂದೇ ಬದಿಗೆ ಒತ್ತುತ್ತದೆ. ಟ್ಯಾಂಕ್ ಹೊತ್ತ ಕಬ್ಬಿಣದ ಪಟ್ಟಿ ಬಾಗಿದೆಯೇ, ಅದರ ಬೋಲ್ಟ್ ಸಡಿಲವೇ ನೋಡಿ ಸರಿಮಾಡಿ. ಅಡ್ಡ ಓಡುವ ಪೈಪಿಗೆ ನಾಲ್ಕು ಅಡಿಗೊಂದು ಹ್ಯಾಂಗರ್ ಪಟ್ಟಿ ಇರಲಿ. ಇದನ್ನು ಬಿಟ್ಟರೆ ಹೊಸ ಗ್ರಾಮೆಟ್ಟಿಗೂ ಅದೇ ಗತಿ.

ಮಿನಿಯಾಪೊಲಿಸ್‌ನಿಂದ

ಕೆಲಸ ಮುಗಿದ ಮೇಲೆ ತಳ ತೊಳೆಯಲು ಒಂದು ಭಾಗ ಬ್ಲೀಚಿಗೆ ಹತ್ತು ಭಾಗ ನೀರು. ಬ್ಲೀಚನ್ನು ಬ್ಲ್ಯಾಕ್ ಟ್ಯಾಂಕಿನೊಳಗೆ ಮಾತ್ರ ಸುರಿಯಬೇಡಿ, ಮೂತ್ರದ ಅಮೋನಿಯಾ ಜೊತೆ ಸೇರಿ ವಿಷಗಾಳಿ ಏಳುತ್ತದೆ.

ಹಾಳೆ ಮುಚ್ಚುವ ಮುಂಚೆ ಎಂಟು ಬಕೆಟ್ ಬೇಡ, ಏಳೂವರೆ ಸುರಿದು ರಾತ್ರಿಯಿಡೀ ಬಿಡಿ. ಬೆಳಗ್ಗೆ ಖಾಲಿ ಮಾಡದೆ ಹತ್ತು ಮೈಲಿ ನಿಧಾನವಾಗಿ ಎಳೆದು, ಬಂದು ಟಾರ್ಚ್ ಹಾಕಿ ಗ್ರಾಮೆಟ್ಟಿನ ಸುತ್ತ ಕಾಗದ ಒತ್ತಿ. ನಿಂತಾಗ ಸೋರದ್ದು ಕುಲುಕಿದಾಗ ಸೋರುತ್ತದೆ. ನೀಲಿ ಕಾಣದಿದ್ದರೆ ದೊಡ್ಡ ವಾಷರ್ ಹಾಕಿ ಸ್ಕ್ರೂ ಬಿಗಿದುಬಿಡಿ, ಪೆನ್ಸಿಲ್ ತೂತಿಗೆ ಟೇಪ್ ಹಚ್ಚದೆ ಹಾಗೇ ಇಡಿ. ಮುಂದೆ ಎಂದಾದರೂ ಸೋರಿದರೆ ಮೊದಲು ಅಲ್ಲೇ ಕಾಣುತ್ತದೆ.