ಸಿಮೆಂಟಿನೊಳಗೆ ಸೀಸ: ಹುದುಗಿದ್ದೋ, ಕಚ್ಚಿದ್ದೋ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ.

ಹಾರುಬೂದಿ (ಫ್ಲೈ ಆಶ್), ಊದುಕುಲುಮೆಯ ಕಿಟ್ಟ (ಕಬ್ಬಿಣ ತೆಗೆದ ಮೇಲೆ ಉಳಿಯುವ ಸ್ಲ್ಯಾಗ್) ಇಂಥವಕ್ಕೆ ಕಾಸ್ಟಿಕ್ ಸೋಡಾದಂಥ ಕ್ಷಾರ ಬೆರೆಸಿ ಮಾಡುವ ಸಿಮೆಂಟಿನ ಬಗ್ಗೆ ಬರೆಯುತ್ತಿದ್ದೇನೆ. 1970ರ ದಶಕದಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಜೋಸೆಫ್ ಡೇವಿಡೊವಿಟ್ಸ್ ಕೊಟ್ಟ ಜಿಯೋಪಾಲಿಮರ್ ಅನ್ನೋ ಹೆಸರು ಹಾಗೇ ಇರಲಿ. ಸೀಸ, ಕ್ಯಾಡ್ಮಿಯಂ ಇರುವ ವಿಷದ ಕಸವನ್ನು ಇದಕ್ಕೆ ಕಲಸಿ ಗಟ್ಟಿ ಮಾಡುತ್ತಾರೆ, ಲೋಹ ಹೊರಗೆ ಬರಬಾರದು ಅಂತ. ಈ ಕೆಲಸಕ್ಕೆ ನನ್ನ ತಲೆಗೆ ಮೊದಲು ಬಂದದ್ದು ‘ನಿಶ್ಚಲೀಕರಣ’. ಯಾವುದೋ ಯೋಗಾಸನದ ಹಾಗೆ ಕೇಳಿಸುತ್ತೆ, ಅಲ್ವಾ?

‘ಸೆರೆಹಿಡಿಯುವುದು’ ಸುಲಭ. ಆದರೆ ಒಳಗೆ ನಡೆಯುವುದು ಎರಡು ಬೇರೆ ಕೆಲಸ. ಒಂದರಲ್ಲಿ ಲೋಹ ಸುಮ್ನೆ ಒಳಗೆ ಕೂತಿರುತ್ತದೆ, ಸುತ್ತಲಿನ ಗೋಡೆ ನೀರನ್ನು ತಡೆಯುತ್ತದೆ. ಗಟ್ಟಿ ಒಡೆದರೆ ಲೋಹ ಹೊರಗೆ. ಇನ್ನೊಂದರಲ್ಲಿ ಲೋಹವೇ ನೀರಿಗೆ ಕರಗದ ರೂಪಕ್ಕೆ ತಿರುಗುತ್ತದೆ. ಕ್ರೋಮಿಯಂ ನೋಡಿ: ಅದರ 6ರ ರೂಪ (ಆರು ಎಲೆಕ್ಟ್ರಾನ್ ಕಳೆದುಕೊಂಡದ್ದು) ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಕಿಟ್ಟದಲ್ಲಿರುವ ಸಲ್ಫೈಡ್ ಅದನ್ನು 3ರ ರೂಪಕ್ಕೆ ಇಳಿಸಿದ ಮೇಲೆ ಹೈಡ್ರಾಕ್ಸೈಡ್ ಆಗಿ ಅಲ್ಲೇ ಕೂರುತ್ತದೆ. ಇದನ್ನು ಸೆರೆ ಅನ್ನಲು ಮನಸ್ಸು ಬರುವುದಿಲ್ಲ. ಅಮೆರಿಕದ ಒಂದು ಪರೀಕ್ಷೆಯಲ್ಲಿ ಗಟ್ಟಿಯನ್ನು 9.5 ಮಿ.ಮೀ.ಗಿಂತ ಸಣ್ಣಗೆ ಒಡೆದು, ಅಸಿಟಿಕ್ ಆಮ್ಲದ ನೀರಿನಲ್ಲಿ 18 ಗಂಟೆ ತಿರುಗಿಸುತ್ತಾರೆ. ನೀರಿಗೆ ಬಂದ ಸೀಸ ಲೀಟರಿಗೆ 5 ಮಿ.ಗ್ರಾಂ ಮುಟ್ಟಿದರೆ ಫೇಲು. ಬರೀ ಗೋಡೆಯನ್ನು ನಂಬಿದವರಿಗೆ ಇಲ್ಲಿ ಕಷ್ಟ ಜಾಸ್ತಿ.

ಹಾಗಾಗಿ ಮೊದಲನೆಯದಕ್ಕೆ ‘ಹುದುಗಿಸು’, ಎರಡನೆಯದಕ್ಕೆ ‘ಕಚ್ಚಿಸು’ ಅಂದರೆ ಹೇಗೆ? ಬಟ್ಟೆಗೆ ಬಣ್ಣ ಕಚ್ಚಿದೆ ಅನ್ನುತ್ತೇವಲ್ಲ, ಹಾಗೆ.

ಲೋಹ ನೀರಿಗೆ ಇಳಿಯುವುದಕ್ಕೂ ಬಟ್ಟೆಯ ಮಾತೇ ಸಿಗುತ್ತದೆ. ‘ಸೋರು’ ಅಂದರೆ ಮನೆಯ ಮಾಡು ನೆನಪಾಗುತ್ತದೆ, ‘ಬಸಿ’ ಅಂದರೆ ಗಂಜಿ. ಹೊಸ ಸೀರೆ ನೀರಿಗೆ ಹಾಕಿದರೆ ಬಣ್ಣ ಬಿಡುತ್ತದೆ. ಹಾಗೇ ‘ಈ ಸಿಮೆಂಟು ಸೀಸ ಬಿಡುತ್ತದೆ’ ಅಂತ ಬರೆದರೆ ನಿಮಗೆ ತಟ್ಟನೆ ಅರ್ಥವಾಗುತ್ತದೆಯೋ, ಸಿಮೆಂಟು ಸೀಸದ ಸಹವಾಸ ಬಿಟ್ಟಿತು ಅನ್ನಿಸುತ್ತದೆಯೋ?

ಇನ್ನೊಂದು. ಉಕ್ಕಿನ ಊರುಗಳಾದ ತೋರಣಗಲ್ಲು, ಭದ್ರಾವತಿ ಕಡೆಯವರು ಕೆಲಸದ ಜಾಗದಲ್ಲಿ ‘ಕಿಟ್ಟ’ ಅಂತಾರಾ, ‘ಸ್ಲ್ಯಾಗ್’ ಅಂತಲೇನಾ? ನಮ್ಮ ಮನೆಯಲ್ಲಿ ಕಿಟ್ಟ ಅಂದರೆ ಕೃಷ್ಣಮೂರ್ತಿ ಮಾವ ತಿರುಗಿ ನೋಡುತ್ತಾರೆ.