ಬೆಂಗಳೂರು–ಸಾಗರ–ಹೊನ್ನಾವರ: ಲ್ಯಾಬ್ರಡಾರ್ ಜತೆ ಕಾರಲ್ಲಿ ಮೂರು ರಾತ್ರಿ, ಏನೇನು ತಯಾರಿ ಬೇಕು?

ಪ್ರಶ್ನೆ: ಜಯನಗರ_ಲ್ಯಾಬ್

ಡಿಸೆಂಬರ್ ಕೊನೆಯ ವಾರ ಹೊರಡುವ ಅಂದಾಜು. ನಾವಿಬ್ಬರು, ಜತೆಗೆ ಮೂರು ವರ್ಷದ ಗಂಡು ಲ್ಯಾಬ್, 28 ಕೆ.ಜಿ. ಕಾರು ಹ್ಯಾಚ್‌ಬ್ಯಾಕ್. ತುಮಕೂರು, ಅರಸೀಕೆರೆ, ಶಿವಮೊಗ್ಗ ದಾಟಿ ಸಾಗರದ ಹತ್ತಿರ ಅಡಿಕೆ ತೋಟದ ಹೋಂಸ್ಟೇಯಲ್ಲಿ ಒಂದು ರಾತ್ರಿ. ಮರುದಿನ ಜೋಗ ನೋಡಿಕೊಂಡು ಘಾಟಿ ಇಳಿದು ಹೊನ್ನಾವರದ ಕಡೆ ಎರಡು ರಾತ್ರಿ.

ಇಲ್ಲಿವರೆಗೆ ಅವನು ಕಾರು ಹತ್ತಿರೋದು ಡಾಕ್ಟರ ಹತ್ರ ಹೋಗೋಕೆ ಮಾತ್ರ. ಜೊಲ್ಲು ಸುರಿಸ್ತಾನೆ, ಒಮ್ಮೊಮ್ಮೆ ವಾಂತಿ. ಮಂಪರು ಬರೋ ಮಾತ್ರೆ ಕೊಡಬಹುದಾ? ಎಷ್ಟು ಹೊತ್ತಿಗೊಮ್ಮೆ ನಿಲ್ಲಿಸಬೇಕು? ಹೋಂಸ್ಟೇಯವರು ಫೋನಲ್ಲಿ "ನಾಯಿ ತನ್ನಿ, ತೊಂದ್ರೆ ಇಲ್ಲ" ಅಂದ್ರು, ಅಷ್ಟು ಸಾಕಾ? ಮನೇಲಿ ಮಂಗನ ಕಾಯಿಲೆ ಅಂತ ಹೆದರಿಸ್ತಿದಾರೆ, ಅದೂ ಸ್ವಲ್ಪ ಹೇಳಿ.

ಉತ್ತರ 1: ಹಳೇ_206

ರಸ್ತೆ ಬಗ್ಗೆ ನಾನು ಹೇಳ್ತೀನಿ, ಔಷಧಿ ಗೊತ್ತಿರೋರು ಹೇಳಲಿ.

ನಾಯಿ ಜಾಗ ಹಿಂದಿನ ಸೀಟಿನ ಎಡಗಡೆ. ರಸ್ತೆ ಪಕ್ಕಕ್ಕೆ ಹಾಕಿದಾಗ ಎಡಬಾಗಿಲು ಮಣ್ಣಿನ ಕಡೆ ತೆರೆಯುತ್ತೆ, ಬಲಬಾಗಿಲು ತೆರೆದರೆ ನೇರ ಲಾರಿ ಎದುರಿಗೆ. ಎದೆಗೆ ಹಾಕುವ ಹಾರ್ನೆಸ್ ತಗೊಂಡು, ಸೀಟ್ ಬೆಲ್ಟ್ ಬಕಲ್‌ಗೆ ಸಿಕ್ಕಿಸುವ ಚಿಕ್ಕ ಪಟ್ಟಿಯಿಂದ ಕಟ್ಟಿ. ಕತ್ತಿನ ಕಾಲರ್‌ಗೆ ಕಟ್ಟಲೇಬೇಡಿ, ಜೋರಾಗಿ ಬ್ರೇಕ್ ಹಾಕಿದರೆ ಪೂರ್ತಿ ಎಳೆತ ಕತ್ತಿಗೇ ಬೀಳುತ್ತೆ. ಪಟ್ಟಿ ಎಷ್ಟುದ್ದ ಅಂದ್ರೆ, ಎದ್ದು ಕೂರಬೇಕು, ಮಲಗಬೇಕು, ಮುಂದಿನ ಎರಡು ಸೀಟಿನ ನಡುವೆ ತಲೆ ತೂರಿಸೋಕೆ ಆಗಬಾರದು.

ಹ್ಯಾಚ್‌ಬ್ಯಾಕಲ್ಲಿ ಎಲ್ಲರೂ ಮರೆಯೋದು ಕಾಲಿಡುವ ಹಳ್ಳ. ತೂಗುಬಟ್ಟೆ ಥರದ ಸೀಟ್ ಕವರ್ ಹಾಕಿದರೂ 28 ಕೆ.ಜಿ. ಭಾರಕ್ಕೆ ಅದು ಜೋತು ಬೀಳುತ್ತೆ, ಪ್ರತಿ ರೋಡ್ ಹಂಪ್‌ಗೂ ನಾಯಿ ಮುಂದಕ್ಕೆ ಜಾರುತ್ತೆ. ಬಟ್ಟೆ ಬ್ಯಾಗು, ಹಾಸಿಗೆ ಇಟ್ಟು ಆ ಹಳ್ಳವನ್ನ ಸೀಟಿನ ಮಟ್ಟಕ್ಕೆ ತುಂಬಿ, ಮೇಲೆ ಅವನು ದಿನಾ ಮಲಗುವ ಚಾದರ ಹಾಸಿ. ತೊಳೆಯದೇ ತನ್ನಿ, ಮನೆ ವಾಸನೆ ಇರಲಿ. ಕಿಟಕಿ ಎರಡು ಬೆರಳು ತೆರೆದಿದ್ದರೆ ಸಾಕು. ತಲೆ ಹೊರಗೆ ಹಾಕಿಸಿ ಫೋಟೊ ತೆಗೆಯೋರನ್ನ ನೋಡಿ ಆಸೆಪಡಬೇಡಿ, ಹೈವೇ ದೂಳು ಕಣ್ಣಿಗೆ ಹೊಕ್ಕರೆ ಪ್ರವಾಸವೆಲ್ಲ ಕಣ್ಣಿನ ಡ್ರಾಪ್ಸ್ ಹಾಕೋದೇ ಕೆಲಸ.

ಸಾಗರಕ್ಕೆ 370 ಕಿ.ಮೀ. ಆಸುಪಾಸು. ನಾಯಿ ಇದ್ದರೆ ಒಂಬತ್ತು–ಹತ್ತು ಗಂಟೆ ಅಂತ ಇಟ್ಟುಕೊಳ್ಳಿ. ಬೆಳಗ್ಗೆ ಐದಕ್ಕೆ ಹೊರಡಿ. ಹೊಟ್ಟೆ ತುಂಬ ಊಟ ಹಿಂದಿನ ರಾತ್ರಿ ಎಂಟಕ್ಕೇ ಮುಗೀಬೇಕು. ಮೊದಲ ನಿಲುಗಡೆ ಒಂದು ಗಂಟೆ ಒಳಗೆ, ಗಾಬರಿಗೆ ಮೊದಲು ಬರೋದು ಮೂತ್ರ. ಆಮೇಲೆ ಎರಡು ಗಂಟೆಗೊಮ್ಮೆ, ಕಾಲು ಗಂಟೆ. ನೀರು ಪ್ರತಿ ಸಲ ಸ್ವಲ್ಪ ಸ್ವಲ್ಪ. ಕೆ.ಜಿ.ಗೆ 50–60 ಮಿ.ಲೀ. ಲೆಕ್ಕದಲ್ಲಿ ಅವನಿಗೆ ದಿನಕ್ಕೆ ಒಂದೂವರೆ ಲೀಟರ್ ಸುಮಾರು ಬೇಕು. ಎರಡು ದಿನದ್ದು ಮನೆ ನೀರನ್ನೇ ಕ್ಯಾನಲ್ಲಿ ತುಂಬಿಕೊಳ್ಳಿ.

ಡಾಬಾ ಮುಂದೆ ಇಳಿಸಬೇಡಿ. ಅಲ್ಲಿ ಮೂಳೆ ತಿಂದು ಬೆಳೆದ ನಾಲ್ಕೈದು ಬೀದಿನಾಯಿ ಇದ್ದೇ ಇರುತ್ತವೆ, ಅದು ಅವುಗಳ ಏರಿಯಾ. ಊರು ದಾಟಿ ಒಂದೆರಡು ಕಿ.ಮೀ. ಆದ ಮೇಲೆ, ಅಂಗಡಿ ಇಲ್ಲದ ಕಡೆ ನಿಲ್ಲಿಸಿ. ಲೀಶ್ ಕೈಗೆ ಸುತ್ತಿಕೊಂಡ ಮೇಲೇ ಬಾಗಿಲು. ಲೀಶಿಗೆ ಎರಡು ಕೊಕ್ಕೆ ಇರಲಿ, ಒಂದು ಹಾರ್ನೆಸ್‌ಗೆ, ಇನ್ನೊಂದು ಕಾಲರ್‌ಗೆ. ಹೆದರಿದ ನಾಯಿ ಹಿಂದಕ್ಕೆ ಎಳೆದುಕೊಂಡು ಹಾರ್ನೆಸ್‌ನಿಂದ ಎಷ್ಟು ಸಲೀಸಾಗಿ ನುಣುಚಿಕೊಳ್ಳುತ್ತೆ ಅಂತ ಒಮ್ಮೆ ಮನೆಯೊಳಗೇ ಪರೀಕ್ಷೆ ಮಾಡಿ. ರೀಲ್ ಥರ ಉದ್ದ ಬಿಟ್ಟುಕೊಳ್ಳುವ ಲೀಶ್ ಹೈವೇಗೆ ಬೇಡ. ಕಾಲರ್ ಬಿಲ್ಲೆಯಲ್ಲಿ ಮನೆ ವಿಳಾಸ ಇದ್ದು ಪ್ರಯೋಜನ ಇಲ್ಲ, ಮೊಬೈಲ್ ನಂಬರ್ ಇರಬೇಕು.

ಉತ್ತರ 2: ಪಶುವೈದ್ಯಶಾಲೆ

ಮೊದಲು ಒಂದು ಪರೀಕ್ಷೆ ಮಾಡಿ. ನಿಂತ ಕಾರು, ಎಂಜಿನ್ ಆಫ್, ನಾಯಿ ಒಳಗೆ, ಹತ್ತು ನಿಮಿಷ. ಆಗಲೂ ಜೊಲ್ಲು ಬಂದರೆ ಅದು ಭಯ. ನಿಮ್ಮ ನಾಯಿಗೆ ಕಾರು ಅಂದರೆ ಸೂಜಿ ಅಂತಲೇ ಗೊತ್ತಿರುವುದರಿಂದ ಹೆಚ್ಚಾಗಿ ಇದೇ. ಮದ್ದು ಅಂದರೆ ಅಭ್ಯಾಸ: ನಿಂತ ಕಾರಲ್ಲಿ ಊಟ, ನಂತರ ಎಂಜಿನ್ ಆನ್ ಮಾಡಿ ಊಟ, ನಂತರ ಬೀದಿ ಸುತ್ತು, ನಂತರ ಪಾರ್ಕಿಗೆ ಹೋಗಿ ಆಡಿಸಿ ವಾಪಸ್. ಕನಿಷ್ಠ ನಾಲ್ಕು ವಾರ ಬೇಕು. ಕಾರು ಓಡಿ ತಿರುವು ಬಂದ ಮೇಲಷ್ಟೇ ಜೊಲ್ಲು, ಆಕಳಿಕೆ, ತುಟಿ ನೆಕ್ಕುವುದು ಶುರುವಾದರೆ ಅದು ಪ್ರಯಾಣದ ವಾಕರಿಕೆ. ಅದಕ್ಕೆ ಮಾರೋಪಿಟೆಂಟ್ ಮಾತ್ರೆ ಇದೆ, ಹೊರಡುವ ಎರಡು ಗಂಟೆ ಮುಂಚೆ ಒಂದೆರಡು ತುತ್ತು ಆಹಾರದ ಜತೆ. ಪ್ರಯಾಣಕ್ಕೆ ಬೇಕಾದ ಡೋಸ್ ಮಾಮೂಲಿ ವಾಂತಿಗೆ ಕೊಡುವುದಕ್ಕಿಂತ ಹೆಚ್ಚು, ಆದ್ದರಿಂದ ಹಳೇ ಚೀಟಿ ನೋಡಿ ಕೊಡಬೇಡಿ. ಈಗಿನ ತೂಕ ಹೇಳಿ ಹೊಸದಾಗಿ ಬರೆಸಿಕೊಳ್ಳಿ.

ಮಂಪರಿನ ಮಾತ್ರೆ ಬೇಡ. ಅಸೆಪ್ರೊಮಜಿನ್‌ನಂಥವು ರಕ್ತದೊತ್ತಡ ಇಳಿಸುತ್ತವೆ, ದೇಹದ ಉಷ್ಣತೆಯ ಹತೋಟಿ ತಪ್ಪಿಸುತ್ತವೆ. ನಾಯಿ ಸುಮ್ಮನೆ ಬಿದ್ದಿರುತ್ತದೆ, ಭಯ ಹಾಗೇ ಇರುತ್ತದೆ, ಸದ್ದಿಗೆ ಬೆಚ್ಚುವುದು ಕೆಲವಕ್ಕೆ ಇನ್ನೂ ಹೆಚ್ಚುತ್ತದೆ. ಅಭ್ಯಾಸ ಮಾಡಿಸಿಯೂ ಭಯ ಹೋಗದಿದ್ದರೆ ಆತಂಕ ಕಮ್ಮಿ ಮಾಡುವ ಬೇರೆ ಮದ್ದುಗಳಿವೆ. ಯಾವುದೇ ಆಗಲಿ, ಮನೆಯಲ್ಲಿ ಒಂದು ದಿನ ಕೊಟ್ಟು ನೋಡದೆ ಪ್ರಯಾಣದ ದಿನ ಮೊದಲ ಸಲ ಕೊಡಬಾರದು.

ಲಸಿಕೆ: ರೇಬೀಸ್ ಜತೆಗೆ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ನೋಡಿಕೊಳ್ಳಿ. ತೋಟದ ಕಪ್ಪು (ನೀರು ಹರಿಯುವ ಕಾಲುವೆ), ಹೊಂಡದ ನೀರಲ್ಲಿ ಇಲಿ ಮೂತ್ರ ಸೇರಿರುತ್ತದೆ, ಲ್ಯಾಬ್ ಅಂಥ ನೀರಿಗೇ ಮೊದಲು ಬಾಯಿ ಹಾಕುತ್ತದೆ. ಲೆಪ್ಟೊ ಅವಧಿ ಮೀರಿ ತುಂಬ ದಿನವಾಗಿದ್ದರೆ ಎರಡು–ನಾಲ್ಕು ವಾರದ ಅಂತರದಲ್ಲಿ ಎರಡು ಚುಚ್ಚುಮದ್ದು ಬೇಕಾಗಬಹುದು. ಅಂದರೆ ನವೆಂಬರ್ ಮಧ್ಯದಲ್ಲೇ ಶುರು ಮಾಡಬೇಕು.

ಮಂಗನ ಕಾಯಿಲೆ. ಉಣುಗು (ಉಣ್ಣಿ) ಕಚ್ಚಿ ಮನುಷ್ಯರಿಗೆ ಬರುವ ವೈರಸ್ ಜ್ವರ ಇದು, 1957ರಲ್ಲಿ ಮೊದಲು ಗೊತ್ತಾದದ್ದು ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಡಿಸೆಂಬರಿಂದ ಮೇವರೆಗೆ ಇದರ ಕಾಲ, ನೀವು ಹೋಗುವ ಸಾಗರ, ಹೊನ್ನಾವರದ ಕಡೆಯೆಲ್ಲ ಅದರ ಸೀಮೆ. ನಾಯಿ ಕಚ್ಚಿ, ನೆಕ್ಕಿ ಇದು ಬರುವುದಿಲ್ಲ. ನಾಯಿಯ ಕೂದಲಲ್ಲಿ ಸವಾರಿ ಮಾಡಿ ನಿಮ್ಮ ಹಾಸಿಗೆಗೆ ಬರುವ ಉಣುಗೇ ತೊಂದರೆ. ಇಲ್ಲೊಂದು ತಪ್ಪು ತಿಳಿವಳಿಕೆ ಇದೆ: "ಉಣುಗಿನ ಮಾತ್ರೆ ಕೊಟ್ಟಿದ್ದೇವೆ, ಇನ್ನೇನು ಭಯ." ಫ್ಲುರಾಲನರ್ (12 ವಾರ), ಅಫಾಕ್ಸೊಲನರ್ (ಒಂದು ತಿಂಗಳು) ಇವೆಲ್ಲ ಉಣುಗು ಕಚ್ಚಿ ರಕ್ತ ಹೀರಿದ ಮೇಲೆ ಕೊಲ್ಲುವ ಮದ್ದುಗಳು. ನಾಯಿಗೆ ರಕ್ಷಣೆ ಸಿಗುತ್ತದೆ. ಇನ್ನೂ ಕಚ್ಚದೆ ಮೈಮೇಲೆ ಓಡಾಡುತ್ತಿರುವ ಉಣುಗು ನಿಮ್ಮ ಮೇಲೆ ಹತ್ತುವುದನ್ನು ಅವು ತಡೆಯವು. ಫಿಟ್ಸ್ ಬಂದ ಇತಿಹಾಸವಿರುವ ನಾಯಿಗೆ ಈ ಗುಂಪಿನ ಮಾತ್ರೆ ಕೊಡುವ ಮೊದಲು ವೈದ್ಯರಿಗೆ ಅದನ್ನು ಹೇಳಲೇಬೇಕು.

ಹಾಗಾಗಿ ಕೈಯಿಂದ ಹುಡುಕುವುದೇ ದಾರಿ. ಕಾಟ ಕೊಡುವುದು ಮರಿ ಉಣುಗು, ರಾಗಿ ಕಾಳಿನಷ್ಟು. ಪ್ರತಿ ಸಲ ಹೊರಗಿಂದ ಬಂದಾಗ, ರೂಮಿನ ಹೊರಗೇ ಬಿಳಿ ಪಂಚೆ ಹಾಸಿ, ನಾಯಿಯನ್ನು ಅದರ ಮೇಲೆ ನಿಲ್ಲಿಸಿ, ಹೇನಿನ ಬಾಚಣಿಗೆಯಿಂದ ಕೂದಲಿನ ವಿರುದ್ಧ ದಿಕ್ಕಿಗೆ ಬಾಚಿ. ಬಿದ್ದದ್ದು ಬಿಳಿ ಬಟ್ಟೆ ಮೇಲೆ ಎದ್ದು ಕಾಣುತ್ತದೆ. ಕಿವಿಯ ಒಳಮಡಿಕೆ, ಬೆರಳ ಸಂದು, ಕಾಲರ್ ಅಡಿ, ಕಂಕುಳು, ತೊಡೆಸಂದು, ಬಾಲದ ಬುಡ ಬೆರಳಲ್ಲಿ ತಡಕಿ. ಕಚ್ಚಿಕೊಂಡಿದ್ದರೆ ಮೊನಚು ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆದು ಸ್ಪಿರಿಟ್ ಬಾಟಲಿಗೆ ಹಾಕಿ. ಸೀಮೆಎಣ್ಣೆ ಹಚ್ಚುವುದು, ಬೀಡಿ ತುದಿ ತಾಗಿಸುವುದು, ಉಗುರಲ್ಲಿ ಕುಕ್ಕುವುದು ಬೇಡ. ಕೈಗವಸು ಇರಲಿ. ಉಣುಗು ಹತ್ತದಿರಲಿ ಅಂತ ಆರೋಗ್ಯ ಇಲಾಖೆಯವರು ಹಂಚುವ ಡೇಪಾ ಎಣ್ಣೆ ಮನುಷ್ಯರ ಮೈಗೆ ಮಾತ್ರ, ನಾಯಿಗೆ ಸವರಿದರೆ ನೆಕ್ಕಿಬಿಡುತ್ತದೆ. ಸತ್ತ ಮಂಗ ಕಂಡರೆ ನಾಯಿ ಎಳೆದುಕೊಂಡು ದೂರ ಹೋಗಿ, ಊರವರಿಗೆ ತಿಳಿಸಿ.

ಮದ್ದಿನ ಪೆಟ್ಟಿಗೆಯಲ್ಲಿ ಥರ್ಮಾಮೀಟರ್, ಪೊವಿಡೋನ್ ಅಯೋಡಿನ್, ಗಾಜ್, ಸುತ್ತುವ ಬ್ಯಾಂಡೇಜ್ ಸಾಕು. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ಕೊಡಲೇಬಾರದು. ದಾರಿಯಲ್ಲಿ ದೊಡ್ಡ ಆಸರೆ ಅಂದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು.

ಉತ್ತರ 3: ತೋಟದ_ದಣಪೆ (ಸಾಗರ ತಾಲೂಕು)

"ನಾಯಿ ತನ್ನಿ, ತೊಂದ್ರೆ ಇಲ್ಲ" ಅನ್ನೋದು ಏನೂ ಅಲ್ಲ ಮಾರಾಯ್ರೆ. ನಮ್ಮ ಕಡೆ ನಾಯಿ ಅಂದ್ರೆ ಅಂಗಳದಲ್ಲಿ ಕಟ್ಟಿರೋದು. ನೀವು ಹಾಸಿಗೆ ಪಕ್ಕ ಮಲಗಿಸೋರು. ಫೋನ್ ಮಾಡಿ ನೇರ ಕೇಳಿ: ರೂಮೊಳಗೆ ಬಿಡ್ತೀರಾ? ನಿಮ್ಮ ಮನೆ ನಾಯಿ ಎಷ್ಟು, ರಾತ್ರಿ ಬಿಡ್ತೀರಾ, ಕಟ್ತೀರಾ? ಬೇಲಿ ನಾಲ್ಕೂ ಕಡೆ ಇದ್ಯಾ? ಬಾವಿಗೆ ಕಟ್ಟೆ ಇದ್ಯಾ? ಆ ದಿನ ಬೇರೆ ಅತಿಥಿಗಳು, ಸಣ್ಣ ಮಕ್ಕಳು ಇದ್ದಾರಾ? ಹೆಚ್ಚಿನ ದುಡ್ಡು ಎಷ್ಟು? ಉತ್ತರ ವಾಟ್ಸಾಪಲ್ಲಿ ಬರೆಸಿಕೊಳ್ಳಿ. ರಾತ್ರಿ ಎಂಟಕ್ಕೆ ಬಂದು ಅಂಗಳದಲ್ಲಿ ವಾದ ಮಾಡೋದು ಇಬ್ಬರಿಗೂ ಚೆನ್ನಾಗಿರಲ್ಲ.

ಡಿಸೆಂಬರ್ ಅಂದ್ರೆ ಕೊಯ್ಲು. ಅಂಗಳ ತುಂಬ ಅಡಿಕೆ, ಹಂಡೆಯಲ್ಲಿ ಬೇಯ್ತಾ ಇರುತ್ತೆ, ಪಕ್ಕದಲ್ಲಿ ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು). ಲ್ಯಾಬ್ ಜಾತಿ ಉರುಳೋದನ್ನೆಲ್ಲ ಚೆಂಡು ಅಂತ ಬಾಯಿಗೆ ಹಾಕುತ್ತೆ. ಅಡಿಕೆಯಲ್ಲಿರೋ ಅರೆಕೋಲಿನ್ ಅನ್ನೋ ಅಂಶ ನಾಯಿ ಕರುಳನ್ನ ಹಿಂಡಿಬಿಡುತ್ತೆ. ಹಿಂದೆ ನಾಯಿಗಳಿಗೆ ಲಾಡಿಹುಳದ ಮದ್ದು ಅಂತ ಅದನ್ನೇ ಕೊಡ್ತಿದ್ದರು. ಹೆಚ್ಚು ತಿಂದರೆ ಜೊಲ್ಲು, ವಾಂತಿ, ಭೇದಿ, ನಡುಕ. ಕೂಡಲೇ ಡಾಕ್ಟರ ಹತ್ರ. ಸುಲಿಯುವ ಕಡೆಗೆ ಲೀಶ್ ಇಲ್ಲದೆ ಕರೆದೊಯ್ಯಬೇಡಿ. ಇದನ್ನ ಓದಿ ಯಾರಾದರೂ ಮಳೆಗಾಲಕ್ಕೆ ಬರೋರಿದ್ದರೆ, ಆಗ ಇರೋ ಅಪಾಯ ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣದ ಡ್ರಮ್ಮು. ಮೈಲುತುತ್ತದ ನೀರು, ತಳದಲ್ಲಿ ಉಳಿದದ್ದನ್ನ ಕುಡಿದರೂ ವಿಷ.

ತೋಟದ ಅಂಚಿನ ಬೇಲಿ ಕಡೆ ಕಾಡುಹಂದಿಗೆ ಅಂತ ಯಾರೋ ಉರುಳು ಕಟ್ಟಿರ್ತಾರೆ, ಹೇಳಿ ಕಟ್ಟೋದಿಲ್ಲ. ಸಂಜೆ ಆರಾದ ಮೇಲೆ ಅಂಗಳ ಬಿಟ್ಟು ಆಚೆ ಬೇಡ, ಚಿರತೆಗೆ ನಾಯಿ ಅಂದ್ರೆ ಇಷ್ಟ. ಹಗಲು ಮಂಗ ಓಡಿಸೋಕೆ ಪಟಾಕಿ ಹೊಡೀತಾರೆ. ಪೇಟೆ ನಾಯಿ ಆ ಒಂದು ಸದ್ದಿಗೆ ದಿಕ್ಕು ತಪ್ಪಿ ಓಡಿದರೆ, ಗುಡ್ಡದಲ್ಲಿ ಹುಡುಕೋದು ಕಷ್ಟ.

ರೂಮಿಗೆ ಬಂದ ತಕ್ಷಣ ನಾಯಿ ಬಿಡಬೇಡಿ. ಒಬ್ಬರು ಹೊರಗೆ ಹಿಡಿದುಕೊಂಡಿರಿ, ಇನ್ನೊಬ್ಬರು ಒಳಗೆ ಹೋಗಿ ಮಂಚದಡಿ, ಬೀರು ಹಿಂದೆ ಟಾರ್ಚ್ ಹಾಕಿ ನೋಡಿ. ಇಲಿಪಾಷಾಣದ ಬಿಲ್ಲೆ, ಜಿರಳೆ ಸೀಮೆಸುಣ್ಣ, ಸೊಳ್ಳೆ ಬತ್ತಿ ಸಿಗ್ತವೆ. ಬಚ್ಚಲಿಗೆ ಫಿನಾಯಿಲ್ ಹಾಕಿದ್ರೆ ಎರಡು ಬಕೆಟ್ ನೀರು ಹೊಯ್ದು ಬಿಡಿ, ಪಾದ ನೆಕ್ಕಿಕೊಳ್ತವೆ. ಆಮೇಲೆ ಲೀಶಲ್ಲೇ ರೂಮು ಒಂದು ಸುತ್ತು ಮೂಸಿಸಿ, ಚಾದರ ಹಾಸಿ, ನೀರಿಡಿ. ಊಟ ಮನೇದೇ. ಹೋಂಸ್ಟೇ ಸಾರಲ್ಲಿ ಈರುಳ್ಳಿ ಇರುತ್ತೆ, ಅದು ನಾಯಿ ರಕ್ತಕ್ಕೆ ಕೇಡು. ಬೇಯಿಸಿದ ಕೋಳಿ ಮೂಳೆಯೂ ಬೇಡ. ರೂಮಲ್ಲಿ ಒಂಟಿಯಾಗಿ ಬಿಟ್ಟು ನೀವು ಊಟಕ್ಕೆ ಹೋಗಬೇಡಿ. ಬಾಗಿಲು ಕೆರೆದು ಹಾಳು ಮಾಡಿದ್ರೆ ನಾಳೆ ಇನ್ನೊಬ್ಬರ ನಾಯಿಗೆ ಆ ಮನೆ ಬಾಗಿಲು ಮುಚ್ಚಿದ ಹಾಗೆ.

ಜಯನಗರ_ಲ್ಯಾಬ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಂತ ಕಾರಲ್ಲೇ ಜೊಲ್ಲು ಸುರಿಸಿದ, ಸೋ ಭಯವೇ. ಅಭ್ಯಾಸ ಶುರು ಮಾಡ್ತೀವಿ. ಇನ್ನೊಂದು: ಜೋಗದಲ್ಲಿ ಎಸಿ ಹಾಕಿ ಅವನನ್ನ ಕಾರಲ್ಲಿ ಬಿಟ್ಟು ಅರ್ಧ ಗಂಟೆ ನೋಡಿಬರಬಹುದಾ? ಮತ್ತೆ ಹೊನ್ನಾವರದಲ್ಲಿ ಸಮುದ್ರಕ್ಕೆ ಇಳಿಸಬಹುದಾ?

ಉತ್ತರ 4: ಕಡಲ_ಕರೆ

ಕಾರಲ್ಲಿ ಬಿಡೋದು ಬೇಡ. ಹೊರಗೆ 29 ಡಿಗ್ರಿ ಇದ್ದರೆ ಮುಚ್ಚಿದ ಕಾರೊಳಗೆ ಹತ್ತು ನಿಮಿಷಕ್ಕೆ 39, ಅರ್ಧ ಗಂಟೆಗೆ 48 ದಾಟುತ್ತದೆ. ಕಿಟಕಿ ಸ್ವಲ್ಪ ತೆರೆದಿಟ್ಟರೂ ದೊಡ್ಡ ವ್ಯತ್ಯಾಸವಿಲ್ಲ. ಎಸಿ ಹಾಕಿಟ್ಟರೆ ಎಂಜಿನ್ ಆಫ್ ಆಗಬಹುದು, ನಾಯಿ ಕಾಲು ಲಾಕ್ ಬಟನ್ ಮೇಲೆ ಬೀಳಬಹುದು. ಒಬ್ಬರಾದ ಮೇಲೆ ಒಬ್ಬರು ನೋಡಿ ಬನ್ನಿ, ಉಳಿದವರು ನೆರಳಲ್ಲಿ ನಾಯಿ ಜತೆ. ಅಲ್ಲೆಲ್ಲ ಮಂಗಗಳಿವೆ, ತಿಂಡಿ ಪೊಟ್ಟಣ ಕೈಯಲ್ಲಿ ಬೇಡ. ಏದುಸಿರು ನಿಲ್ಲದೆ ಒಸಡು ಕಡುಗೆಂಪಾಗಿ ತೂರಾಡಿದರೆ ಬಿಸಿಲ ಹೊಡೆತ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, ಮಾಮೂಲಿ 38.3ರಿಂದ 39.2 ಸೆಲ್ಸಿಯಸ್. 40.5 ದಾಟಿದ್ದರೆ ಮೈ ಪೂರ್ತಿ ತಣ್ಣೀರು ಹೊಯ್ದು ಗಾಳಿ ಬೀಸಿ, 39.5ಕ್ಕೆ ಇಳಿದಾಗ ನಿಲ್ಲಿಸಿ, ವೈದ್ಯರ ಹತ್ತಿರ ಹೊರಡಿ. ಒದ್ದೆ ಟವೆಲ್ ಹೊದಿಸಿ ಬಿಡಬಾರದು, ಶಾಖ ಒಳಗೇ ಉಳಿಯುತ್ತದೆ.

ಘಾಟಿಯಲ್ಲಿ ಮಾವಿನಗುಂಡಿ ದಾಟಿದ ಮೇಲೆ ಗೇರುಸೊಪ್ಪೆವರೆಗೆ ತಿರುವೇ ತಿರುವು. ಭಯದ ನಾಯಿಗೂ ಅಲ್ಲಿ ವಾಂತಿ ಬರಬಹುದು. ಹೊಟ್ಟೆ ಖಾಲಿ ಇರಲಿ, ವೇಗ ಮೂವತ್ತು ದಾಟದಿರಲಿ.

ಸಮುದ್ರಕ್ಕೆ ಬೆಳಗ್ಗೆ ಎಂಟರೊಳಗೆ, ಇಲ್ಲವೇ ಸಂಜೆ ಐದರ ಮೇಲೆ. ಅಂಗೈ ಹಿಂಭಾಗವನ್ನು ಮರಳ ಮೇಲೆ ಏಳು ಸೆಕೆಂಡ್ ಇಡಿ, ನಿಮಗೆ ತಡೆಯದಿದ್ದರೆ ಅದರ ಪಾದಕ್ಕೂ ತಡೆಯದು. ಹತ್ತು ಮೀಟರ್ ಹಗ್ಗ ಕಟ್ಟಿ ಮೊಣಕಾಲಷ್ಟು ನೀರಿಗೆ ಮಾತ್ರ. ಹದಿನೈದು ನಿಮಿಷಕ್ಕೊಮ್ಮೆ ಹೊರಗೆ ಕರೆದು ಸಿಹಿನೀರು ಕುಡಿಸಿ. ಬಾಯಾರಿ ಉಪ್ಪುನೀರು ಕುಡಿದರೆ ರಾತ್ರಿಯೆಲ್ಲ ಭೇದಿ, ಹೆಚ್ಚು ಕುಡಿದರೆ ಜೀವಕ್ಕೇ ಅಪಾಯ. ಬಲೆಯಿಂದ ತೆಗೆದು ಎಸೆದ ಮೀನಿನ ರಾಶಿಗೆ ಮೂತಿ ಹಾಕಿಸಬೇಡಿ. ಅದರಲ್ಲಿ ಹೊಟ್ಟೆ ಉಬ್ಬುವ ಮುಳ್ಳಿನ ಮೀನೂ ಇರುತ್ತದೆ, ಅದರ ವಿಷಕ್ಕೆ ಮದ್ದಿಲ್ಲ. ದಡಕ್ಕೆ ಬಿದ್ದ ಲೋಳೆಮೀನು ಸತ್ತಿದ್ದರೂ ಉರಿ ಹತ್ತಿಸುತ್ತದೆ. ರೂಮಿಗೆ ಬರುವ ಮೊದಲು ಸಿಹಿನೀರಲ್ಲಿ ತೊಳೆದು, ಕಿವಿ ಒಳಗೆ ಹತ್ತಿಯಿಂದ ಒರೆಸಿ. ಲ್ಯಾಬ್‌ನ ಜೋಲು ಕಿವಿ ಒದ್ದೆ ಉಳಿದರೆ ಎರಡೇ ದಿನದಲ್ಲಿ ವಾಸನೆ ಬರುತ್ತದೆ.

ನಿಮ್ಮ ತಾರೀಖು ಡಿಸೆಂಬರ್ 31ಕ್ಕೆ ಬಿದ್ದರೆ ಒಂದು ದಿನ ಹಿಂದೆ ಮುಂದೆ ಮಾಡಿ. ಆ ರಾತ್ರಿ ಬೀಚ್ ಬದಿಯ ವಸತಿಗಳಲ್ಲಿ ಹನ್ನೆರಡಕ್ಕೆ ಪಟಾಕಿ.

ಉತ್ತರ 5: ಪಶುವೈದ್ಯಶಾಲೆ

ಒಂದು ಸೇರಿಸುತ್ತೇನೆ. ಊರಿಗೆ ಬಂದ ಮೂರು ವಾರದೊಳಗೆ ನಾಯಿ ಊಟ ಬಿಟ್ಟು ಮಂಕಾದರೆ, ಒಸಡು ಬಿಳಿಚಿದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ಮೂಗಲ್ಲಿ ರಕ್ತ ಬಂದರೆ ಉಣುಗು ಜ್ವರ ಇರಬಹುದು. "ಸಾಗರದ ಕಡೆ ಹೋಗಿದ್ದೆವು" ಅಂತ ವೈದ್ಯರಿಗೆ ಮೊದಲೇ ಹೇಳಿ, ಉಣುಗು ಹರಡುವ ಬಬೇಸಿಯಾ, ಎರ್ಲಿಕಿಯಾ ರೋಗಾಣುಗಳಿಗೆ ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಎಣಿಕೆ ಕೇಳಿ. ನಿಮ್ಮಿಬ್ಬರಲ್ಲಿ ಯಾರಿಗಾದರೂ ಒಂದೆರಡು ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೂ ಇದೇ ಮಾತು ನಿಮ್ಮ ಡಾಕ್ಟರಿಗೆ.