ಟಾರ್ಪಿಡೊ ಹಬ್: ಬ್ರೇಕ್ ಹಿಡಿಯುತ್ತೆ, ಮುಂದಕ್ಕೆ ತುಳಿದ್ರೆ ಜಾರುತ್ತೆ

ಪ್ರಶ್ನೆ (ಸ್ಟುಟ್‌ಗಾರ್ಟ್‌ನಿಂದ):
ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಸೈಕಲ್ ಕೊಂಡೆ. ಹಿಂದಿನ ಚಕ್ರದ ಹಬ್ (ನಡುವಿನ ಗುಂಬ) ಮೇಲೆ ಫಿಕ್ಟೆಲ್ ಉಂಡ್ ಸಾಕ್ಸ್ ಟಾರ್ಪಿಡೊ ಅಂತಿದೆ, ಹಿಂದಕ್ಕೆ ತುಳಿದ್ರೆ ಬ್ರೇಕ್ ಹಿಡಿಯೋ ಜರ್ಮನ್ ಹಬ್, ಜೊತೆಗೆ 57 ಅಂತ ಅಚ್ಚು. ಗರಗರ ಅಂತಿತ್ತು ಅಂತ ಹೋದ ತಿಂಗಳು ನಾನೇ ಬಿಚ್ಚಿ ಕಟ್ಟಿದೆ. ಈಗ ಬೆಳಿಗ್ಗೆ ಚಳಿಯಲ್ಲಿ ಹೊರಟ್ರೆ ಪೆಡಲ್ ಖಾಲಿ ತಿರುಗಿ, ಆಮೇಲೆ ಧಡಕ್ಕಂತ ಕಚ್ಚುತ್ತೆ. ಏರಿನಲ್ಲಿ ನಿಂತು ತುಳಿಯುವಾಗ ಮಂಡಿ ಹ್ಯಾಂಡಲ್‌ಗೆ ಬಡೀತು. ಹಿಂದಕ್ಕೆ ತುಳಿದ್ರೆ ಬ್ರೇಕ್ ಸರಿಯಾಗೇ ಹಿಡಿಯುತ್ತೆ. ಹಬ್ ಒಳಗಿನ ರೋಲರ್ (ಸಣ್ಣ ಉಕ್ಕಿನ ಉರುಳೆ) ಸವೆದಿದೆಯಾ?

ಉತ್ತರ (ಮೈಸೂರು):
57 ಅಂದ್ರೆ 1957ರ ಹಬ್. ಸಾಮಾನು ಕೊಳ್ಳೋ ಮೊದಲು ಎರಡು ಹೇಳಿ. ಜಾರುವಾಗ ಚೈನ್ ಹಲ್ಲು ಹತ್ತಿ ಹಾರುತ್ತಾ, ಇಲ್ಲಾ ಚೈನೂ ಸ್ಪ್ರಾಕೆಟ್ಟೂ (ಹಿಂದಿನ ಹಲ್ಲಿನ ಚಕ್ರ) ತಿರುಗಿ ಚಕ್ರಕ್ಕೆ ಬಲ ಹೋಗಲ್ವಾ? ಒಳಗೆ ಏನು ಹಾಕಿದ್ರಿ?

ಪ್ರಶ್ನೆ ಕೇಳಿದವರು:
ಚೈನ್ ಹಾರಲ್ಲ ಸರ್. ಕಾರಿನ ಬೇರಿಂಗ್ ಗ್ರೀಸ್ ಹಾಕಿದೆ, ಎಲ್ಲಾ ಕಡೆ, ಧಾರಾಳವಾಗಿ.

ಮೈಸೂರು:
ಆ ಧಾರಾಳವೇ ರೋಗ! ಸ್ಪ್ರಾಕೆಟ್ ಕೂತಿರೋ ತುಂಡಿನಲ್ಲಿ ಇಳಿಜಾರು ಗುಳಿಗಳಿವೆ, ಐದು ರೋಲರ್‌ಗಳು ಅದರಲ್ಲಿ ಕೂತಿರುತ್ತವೆ. ಮುಂದಕ್ಕೆ ತುಳಿದಾಗ ಅವು ಇಳಿಜಾರು ಹತ್ತಿ ಹಬ್‌ನ ಒಳಗೋಡೆಗೆ ಬೆಣೆ ಹಾಕಿದ ಹಾಗೆ ಸಿಕ್ಕಿಕೊಳ್ಳಬೇಕು. ದಪ್ಪ ಗ್ರೀಸ್ ಚಳಿಗೆ ಗಟ್ಟಿಯಾದ್ರೆ ರೋಲರ್ ಗುಳಿಯಲ್ಲೇ ಅಂಟಿಕೊಂಡು ಕೂರುತ್ತೆ. ಬ್ರೇಕ್‌ನದ್ದು ಬೇರೆ ದಾರಿ: ಹಿಂದಕ್ಕೆ ತುಳಿದ್ರೆ ಹಲ್ಲುಗಳು ಬ್ರೇಕ್ ಕೋನ್ ಅನ್ನು (ಶಂಕುವಿನಾಕಾರದ ತುಂಡು) ತಳ್ಳಿ, ಹಬ್ ಒಳಗಿನ ಬ್ರೇಕ್ ಕೊಳವೆಯನ್ನು ಅಗಲಿಸುತ್ತವೆ. ಅದಕ್ಕೇ ಅದು ಕೆಟ್ಟಿಲ್ಲ.

ಎಲ್ಲಾ ಬಿಚ್ಚಿ ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಬ್ರಷ್ ಹಾಕಿ ಉಜ್ಜಿ. ಬಿಚ್ಚಿದ ಕ್ರಮದಲ್ಲೇ ಪೇಪರ್ ಮೇಲೆ ಸಾಲಾಗಿ ಇಡಿ, ಫೋಟೋ ತೆಗೆದುಕೊಳ್ಳಿ. ರೋಲರ್‌ಗಳಿಗೆ ತೆಳು ಎಣ್ಣೆ ಮಾತ್ರ. ಬೇರಿಂಗ್ ಗುಂಡುಗಳಿಗೆ ಗ್ರೀಸ್ ಇರಲಿ. ಬ್ರೇಕ್ ಕೊಳವೆಗೆ ಶಾಖ ತಡೆಯೋ ಗ್ರೀಸ್ ತೆಳ್ಳಗೆ ಸವರಿ, ಒಣಗಿಸಿ ಬಿಡಬೇಡಿ, ಕಿರುಚುತ್ತೆ. ಕೊನೆಗೆ ಬೇರಿಂಗ್ ಕೋನ್ ಬಿಗಿ ಮಾಡುವಾಗ ಕೂದಲೆಳೆ ಅಲುಗಾಟ ಇರಲಿ.

ಇನ್ನೊಬ್ಬರು (ಧಾರವಾಡ):
ಒಂದು ಮಾತು ಮರೀಬ್ಯಾಡ್ರಿ. ಹಬ್ಬಿನ ಎಡಗಡೆ ಹೊರಗ ಚಾಚಿರೋ ಬ್ರೇಕ್ ಆರ್ಮ್ ಫ್ರೇಮಿಗೆ ಪಟ್ಟಿ ಹಾಕಿ ಬಿಗೀಬೇಕು. ಅದು ಸಡಿಲಿದ್ರ ಬ್ರೇಕ್ ಒತ್ತಿದ ಕೂಡ್ಲೇ ಆರ್ಮ್ ಗರ್ರ್ ಅಂತ ತಿರುಗಿ ಸ್ಪೋಕಿಗೆ ಹೋಗತೈತಿ. ನಮ್ಮ ಕಡೆ ರಾಡ್ ಬ್ರೇಕಿನ ಸೈಕಲ್ಲೇ ನೋಡಿದ ಮಂದಿಗೆ ಈ ಆರ್ಮ್ ಯಾಕದ ಅಂತ ಗೊತ್ತಾಗಂಗಿಲ್ಲ.

ಪ್ರಶ್ನೆ ಕೇಳಿದವರು:
ಬಿಚ್ಚಿ ತೊಳೆದೆ. ರೋಲರ್‌ಗಳನ್ನು ಹಿಡಿದಿಡೋ ಪಂಜರ ಅಂಟಿಕೊಂಡೇ ಇತ್ತು, ಕೈಯಲ್ಲಿ ತಿರುಗಿಸಿದ್ರೂ ಬರಲಿಲ್ಲ. ಈಗ ಎಣ್ಣೆ ಹಾಕಿ ಕಟ್ಟಿದ್ದೀನಿ. ಮೂರು ಡಿಗ್ರಿ ಚಳಿಯಲ್ಲಿ ಏರು ಹತ್ತಿದೆ, ಒಮ್ಮೆಯೂ ಜಾರಲಿಲ್ಲ. ಆದ್ರೆ ಒಂದು ರೋಲರ್‌ಗೆ ಸಣ್ಣ ಚಪ್ಪಟೆ ಗುರುತಿದೆ. ಅದೊಂದನ್ನೇ ಬದಲಾಯಿಸಲಾ?

ಮೈಸೂರು:
ಬದಲಾಯಿಸೋದಾದ್ರೆ ಐದನ್ನೂ ಒಟ್ಟಿಗೆ. ಒಂದೇ ಹೊಸದು ಹಾಕಿದ್ರೆ ಸವೆದ ನಾಲ್ಕರ ಭಾರ ಅದೇ ಹೊರಬೇಕಾಗುತ್ತೆ. ಗುರುತು ಉಗುರಿಗೆ ಸಿಗದಷ್ಟು ಸಣ್ಣದಿದ್ರೆ ಸದ್ಯಕ್ಕೆ ಹಾಗೇ ಓಡಿಸಿ. ಮೊದಲ ಸಲ ಇಳಿಜಾರಿಗೆ ಹೋಗೋ ಮುಂಚೆ ಮಾತ್ರ ಮನೆ ಮುಂದೆ ಸಮತಟ್ಟಿನಲ್ಲಿ ಹತ್ತು ಸಲ ಬ್ರೇಕ್ ಒತ್ತಿ ನೋಡಿ.